ಸೋತ ಆಟ, ಬೇವು ಕಟ್ಟಿದ ಬಾಗಿಲು

ತಂಡ ಗೆದ್ದರೆ ಬಸ್ಸು ಕೆರೆ ಏರಿಯಿಂದಲೇ ಹಾರನ್ ಹೊಡೆಯುತ್ತ ಊರೊಳಗೆ ಬರಬೇಕು, ಸೋತರೆ ಸದ್ದಿಲ್ಲದೆ ಬರಬೇಕು. ಅರವತ್ತರ ದಶಕದ ಶುರುವಿನಲ್ಲಿ ಶಿಡ್ಲಘಟ್ಟದಲ್ಲಿ ನಮಗೆ ಫಲಿತಾಂಶ ತಿಳಿಯುತ್ತಿದ್ದದ್ದು ಹೀಗೆ. ಆ ವರ್ಷ ಗೌರಿಬಿದನೂರಿನಿಂದ ಬಸ್ಸು ಸದ್ದಿಲ್ಲದೆ ಬಂತು. ಚಿಕ್ಕಬಳ್ಳಾಪುರದಿಂದಲೂ ಸದ್ದಿಲ್ಲದೆ ಬಂತು. ನಾನು ಕಿಟಕಿಯ ಹತ್ತಿರ ನಿಂತು ಡ್ರೈವರನನ್ನು ಬೈದೆ. ಪಾಪ, ಅವನದೇನು ತಪ್ಪು? ಆದರೆ ಸೋತ ದಿನ ಬೈಯಲು ಯಾರಾದರೂ ಬೇಕು.

ನಾನು ಹೇಳುತ್ತಿರುವುದು ಬಾಲ್ ಬ್ಯಾಡ್ಮಿಂಟನ್ ಬಗ್ಗೆ. ಈಗಿನ ಮಕ್ಕಳಿಗೆ ಹೇಳಿದರೆ ಹಕ್ಕಿಪುಕ್ಕದ ಆಟ ಅಂದುಕೊಳ್ಳುತ್ತಾರೆ. ಅದಲ್ಲ. ಇದು ಹಳದಿ ಉಣ್ಣೆ ಚೆಂಡಿನ ಆಟ. ಒಂದು ಕಡೆಗೆ ಐದು ಜನ: ನೆಟ್ಟಿನ ಹತ್ತಿರ ಇಬ್ಬರು, ನಡುವೆ ಒಬ್ಬ, ಹಿಂದಿನ ಎರಡು ಮೂಲೆಗೆ ಇಬ್ಬರು. ಚೆಂಡು ನೆಲ ಮುಟ್ಟಿತೋ, ಪಾಯಿಂಟು ಹೋಯಿತು. ನಮ್ಮ ನಾಲ್ಕೂ ಊರುಗಳಲ್ಲಿ, ಎಂದರೆ ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರಿನಲ್ಲಿ, ಕ್ರಿಕೆಟ್ಟು ರೇಡಿಯೋದಲ್ಲಿ ಕೇಳುವ ವಸ್ತುವಾಗಿತ್ತು. ಕಣ್ಣಿಂದ ನೋಡಿ ಗಂಟಲು ಹರಿಯುವಂತೆ ಕೂಗುವ ಆಟ ಇದೇ. ನಮ್ಮ ತಂಡವನ್ನು ಊರಿನ ಒಬ್ಬ ರೇಷ್ಮೆ ಸಾಹುಕಾರರು ತಿಂಗಳ ಸಂಬಳ ಕೊಟ್ಟು ಇಟ್ಟುಕೊಂಡಿದ್ದರು. ಹಿಂದಿನ ಎಡಮೂಲೆಯಲ್ಲಿ ಆಡುತ್ತಿದ್ದವನು ನನ್ನ ಅಣ್ಣ.

ಅಣ್ಣ ಎಂದು ಹೊಗಳುತ್ತಿಲ್ಲ. ಅವನು ಮನೆಯಲ್ಲಿ ಸೋಮಾರಿ, ಮಾತಿನಲ್ಲಿ ಮೊಂಡ. ಆದರೆ ಆ ಮೂಲೆಯಲ್ಲಿ ಅವನು ಎಡಗಾಲು ಮುಂದಿಟ್ಟು ಮಂಡಿ ಮಡಚಿ, ನೆಲಕ್ಕೆ ಒಂದು ಗೇಣು ಉಳಿದಿರುವಾಗ ಚೆಂಡನ್ನು ಎತ್ತಿ ಕಳಿಸುವುದನ್ನು ನೋಡಿದರೆ ಎದುರಾಳಿ ಊರಿನವರೂ ಬಾಯಿ ತೆರೆದು ನಿಲ್ಲುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಹೆಣ್ಣುಮಕ್ಕಳು ಕೋರ್ಟಿನ ಪಕ್ಕ ನಿಲ್ಲುವ ಹಾಗಿರಲಿಲ್ಲ. ಕೋರ್ಟಿಗೆ ಅಂಟಿಕೊಂಡಿದ್ದ ನಮ್ಮ ಸೋದರತ್ತೆಯ ಮನೆಯ ಮಾಳಿಗೆಯೇ ನಮ್ಮ ಗ್ಯಾಲರಿ. ಮೇಲಿಂದ ನೋಡಿದರೆ ಆಟ ಕೆಳಗಿನವರಿಗಿಂತ ಚೆನ್ನಾಗಿ ಕಾಣುತ್ತದೆ. ಇದು ನನ್ನ ಜಂಬವಲ್ಲ, ನಿಜ.

ಹಾಗೆ ಮೇಲಿಂದ ನೋಡುತ್ತಿದ್ದವಳಾದ್ದರಿಂದ ಸೋಲಿಗೆ ಕಾರಣವೇನೆಂಬುದು ನನಗೆ ಗೊತ್ತಿತ್ತು. ಸಾಹುಕಾರರು ಆ ವರ್ಷ ತಮ್ಮ ಅಕ್ಕನ ಮಗನನ್ನು ನೆಟ್ಟಿನ ಹತ್ತಿರ ನಿಲ್ಲಿಸಿದ್ದರು. ಹುಡುಗ ಕೆಟ್ಟವನಲ್ಲ. ಇಸ್ತ್ರಿ ಹಾಕಿದ ಬಿಳಿ ಷರಾಯಿ, ಹೊಸ ಬ್ಯಾಟು, ಎಲ್ಲರಿಗೂ ನಮಸ್ಕಾರ. ಆಟ ಬರುತ್ತಿರಲಿಲ್ಲ, ಅಷ್ಟೆ. ಚೆಂಡು ಅವನ ತಲೆ ಮೇಲೆ ಹಾದುಹೋದ ಮೇಲೆ ಅವನ ಬ್ಯಾಟು ಏಳುತ್ತಿತ್ತು. ಅವನು ಬಿಟ್ಟದ್ದಕ್ಕೆಲ್ಲ ಹಿಂದಿನಿಂದ ಅಣ್ಣ ಓಡಿಬರಬೇಕು, ಮತ್ತೆ ಹಿಂದಕ್ಕೆ ಓಡಬೇಕು. ಗೌರಿಬಿದನೂರಿನಲ್ಲಿ ಹೀಗೆ ಇಬ್ಬರ ಆಟ ಅವನೊಬ್ಬನೇ ಆಡಿ ಸುಸ್ತಾದನಂತೆ, ತಂಡ ಸೋತಿತಂತೆ. ಯಾರೂ ಸಾಹುಕಾರರಿಗೆ ಹೇಳಲಿಲ್ಲ. ಸಂಬಳ ಕೊಡುವವರ ಮನೆಯ ಹುಡುಗ ಕುಂಟಿದರೂ ಕುಣಿತ ಎನ್ನಬೇಕಲ್ಲ.

ನಮ್ಮ ಮನೆಯ ಎದುರಿಗೇ ಒಂದು ಹೋಟೆಲಿತ್ತು. ಅದರ ಯಜಮಾನ ತಂಡದ ಪರಮಭಕ್ತ. ಗೆದ್ದ ದಿನ ಆಟಗಾರರಿಗೆ ಬಿಟ್ಟಿ ಕಾಫಿ ಕೊಡುತ್ತಿದ್ದ; ಸೋತ ದಿನ ಗಿರಾಕಿಗಳ ಮೇಲೂ ಸಿಡುಕುತ್ತಿದ್ದ. ಬೆಳಗಿನಿಂದ ಸಂಜೆವರೆಗೆ ಅಲ್ಲಿನ ಬೆಂಚುಗಳ ಮೇಲೆ ಸೋಲಿನ ವಿಚಾರಣೆ ನಡೆಯುತ್ತಿತ್ತು. ಗೌರಿಬಿದನೂರಿನ ಗಾಳಿ ಸರಿಯಿಲ್ಲವಂತೆ. ಅಂಪೈರು ಅವರ ಕಡೆಯವನಂತೆ. ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಗರಸುಕಲ್ಲು ಜಾಸ್ತಿಯಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ಕಿಟಕಿಯಲ್ಲಿ ನಿಂತು ಗೊಣಗುತ್ತಿದ್ದೆ. ಆದರೆ ಗರಸಿನ ಮಾತು ಮಾತ್ರ ನಿಜವಾಗಿತ್ತು. ಅದು ನಮ್ಮ ಮನೆಯವರಿಗಷ್ಟೇ ಗೊತ್ತಿತ್ತು.

ಚಿಕ್ಕಬಳ್ಳಾಪುರದಲ್ಲಿ ಸಾಹುಕಾರರ ಅಕ್ಕನ ಮಗ ಬಿಟ್ಟ ಒಂದು ಚೆಂಡಿಗೆ ಓಡಿಹೋಗಿ ಅಣ್ಣ ಗರಸಿನ ಮೇಲೆ ಜಾರಿದ್ದ. ಎಡಗಾಲಿನ ಮಂಡಿ ತಿರುಚಿತ್ತು. ಯಾರಿಗೂ ತೋರಿಸದೆ ಆಟ ಮುಗಿಸಿದ. ಬಸ್ಸಿಳಿದು ಬೀದಿಯಲ್ಲಿ ನೆಟ್ಟಗೆ ನಡೆದುಬಂದ. ಹೊಸಿಲು ದಾಟಿ ಬಾಗಿಲು ಹಾಕಿದ ಮೇಲೆ ಗೋಡೆ ಹಿಡಿದು ಕುಸಿದ.

ಅಮ್ಮ ಷರಾಯಿ ಮೇಲಕ್ಕೆ ಸುತ್ತಿ ನೋಡಿದಳು. ಮಂಡಿ ಇದ್ದ ಜಾಗದಲ್ಲಿ ಮಂಡಿಯ ಆಕಾರವೇ ಇರಲಿಲ್ಲ.

"ಇದೇನೋ ಹಿಂಗಾಗೈತೆ! ಸಾಹುಕಾರ್ರಿಗೆ ಹೇಳಿದ್ಯೇನಪ್ಪಾ?"

"ಯಾರ್‌ಗೂ ಹೇಳ್ಬೇಡಮ್ಮ. ನೀನೂ ಅಷ್ಟೇ ಕಣೇ. ಗಿರಣಿಯೋರು ಬರ್ತಾವ್ರೆ."

ಗಿರಣಿಯ ವಿಷಯ ಹೇಳಬೇಕು. ಗೌರಿಬಿದನೂರಿನ ಕಡೆಯ ಒಂದು ಗಿರಣಿಯವರು ತಮ್ಮದೇ ತಂಡ ಕಟ್ಟುತ್ತಿದ್ದರು. ಒಳ್ಳೆಯ ಆಟಗಾರರಿಗೆ ಗಿರಣಿಯಲ್ಲಿ ಕಾಯಂ ಕೆಲಸ. ಅಲ್ಲಿ ಆಡಿದ ದಿನ ಅಣ್ಣನ ಆಟ ನೋಡಿ, ನಮ್ಮ ಊರಿನಲ್ಲಿ ಚಿಂತಾಮಣಿಯ ಮೇಲೆ ಆಡುವಾಗ ಇನ್ನೊಮ್ಮೆ ನೋಡಿ ಹೇಳುತ್ತೇವೆ ಎಂದಿದ್ದರು. ಅಪ್ಪ ಸತ್ತಾಗಿನಿಂದ ಅಣ್ಣನಿಗೆ ಬಂದ ಒಳ್ಳೆಯ ಸುದ್ದಿ ಅದೊಂದೇ. ಆಟವೇ ಕೆಲಸ, ಕೆಲಸವೇ ಆಟ. ಅವನು ಮಲಗಿದಾಗಲೂ ಆ ಮಾತನ್ನೇ ಮೆಲುಕು ಹಾಕುತ್ತಿದ್ದ. ಕುಂಟು ಎತ್ತನ್ನು ಯಾವ ರೈತ ಕೊಳ್ಳುತ್ತಾನೆ? ಮಂಡಿಯ ವಿಷಯ ಹೊರಗೆ ಹೋದರೆ ಗಿರಣಿಯವರು ಬರುವುದೇ ಇಲ್ಲ ಎಂಬುದು ಅವನ ಭಯ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಊರಿನಲ್ಲಿ ತೋರಿಸಿದರೆ ಸುದ್ದಿಯಾಗುತ್ತದೆಂದು ಅಂಬಾಜಿದುರ್ಗದ ತಪ್ಪಲಿನ ಹಳ್ಳಿಯೊಂದರ ನಾಟಿ ವೈದ್ಯರ ಹತ್ತಿರ ಹೋಗಿಬಂದ. ಅವರು ಮಂಡಿ ಒತ್ತಿ ನೋಡಿ ಒಂದು ಬಾಟಲಿ ಎಣ್ಣೆ ಕೊಟ್ಟರು. ಆಟದ ದಿನದವರೆಗೆ ಹೊತ್ತು ಹೊತ್ತಿಗೆ ಉಜ್ಜಬೇಕು, ಭಾರ ಹೊರಬಾರದು, ಕಾಲಿಗೆ ಕೆಲಸ ಕೊಡಬಾರದು, ಆಗ ಮಂಡಿ ಮಾತು ಕೇಳುತ್ತದೆ ಎಂದರು. ಬಾಟಲಿಯ ಬಿರಡೆ ತೆಗೆದರೆ ಕರ್ಪೂರ, ಬೆಳ್ಳುಳ್ಳಿ, ಇನ್ನೇನೇನೋ ಸೇರಿ ಮೂಗಿಗೆ ಹೊಡೆಯುತ್ತಿತ್ತು. ಬೀದಿಯಾಚೆಗೂ ಗೊತ್ತಾಗುವಂಥ ವಾಸನೆ.

ಅವನು ಬಾಟಲಿ ಹಿಡಿದು ಮನೆಗೆ ಬಂದಾಗ ಅಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದಳು.

ಶಿಡ್ಲಘಟ್ಟದವರಿಗೆ ಇಷ್ಟು ಹೇಳಿದರೆ ಸಾಕು. ಬೇರೆಯವರಿಗೆ ಬಿಡಿಸಿ ಹೇಳಬೇಕು. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಮುಗಿದು ಎದ್ದ ಮೇಲೆ ಗೂಡು ಕಟ್ಟುವವರೆಗೆ ಹುಳುವಿನ ಹಸಿವು ತಣಿಯುವುದಿಲ್ಲ, ಅದರಷ್ಟು ಸೂಕ್ಷ್ಮದ ಜೀವವೂ ಬೇರೆ ಇಲ್ಲ. ಆ ದಿನಗಳಲ್ಲಿ ನಮ್ಮ ಬೀದಿಯಲ್ಲಿ ಬಾಗಿಲಿಗೆ ಬೇವು ಕಟ್ಟುವುದು ಪದ್ಧತಿ. ಬೇವು ಕಂಡರೆ ಹೊರಗಿನವರು ಹೊಸಿಲು ದಾಟುವುದಿಲ್ಲ, ನೆಂಟರೂ ಬೀದಿಯಲ್ಲೇ ನಿಂತು ಮಾತಾಡಿ ಹೋಗುತ್ತಾರೆ. ಮನೆಯೊಳಗೆ ಘಾಟು ಇರಬಾರದು. ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಬೀಡಿ ಇಲ್ಲ, ನಾವು ಹೆಣ್ಣುಮಕ್ಕಳು ಹೂ ಮುಡಿಯುವಂತಿಲ್ಲ. ಘಾಟು ತಗುಲಿದರೆ ಹುಳು ಸೊಪ್ಪು ಬಿಟ್ಟು ಕಪ್ಪಾಗಿ ಸಾಯುತ್ತವೆ ಎಂಬುದು ನಮ್ಮ ನಂಬಿಕೆ. ಎದುರಿನ ಹೋಟೆಲಿನವನು ಕೂಡ ನಮ್ಮ ಬಾಗಿಲಲ್ಲಿ ಬೇವು ಕಂಡ ಕೂಡಲೇ ಬೋಂಡ ಕರಿಯುವ ಬಾಣಲೆಯನ್ನು ಹಿತ್ತಿಲಿಗೆ ಸಾಗಿಸುತ್ತಿದ್ದ. ಯಾರೂ ಕೇಳಬೇಕಾಗಿರಲಿಲ್ಲ. ಅವನ ಒಳ್ಳೆಯತನವನ್ನು ನಾನು ಅಲ್ಲಗಳೆಯುವುದಿಲ್ಲ.

ಅಮ್ಮ ಬಾಟಲಿಯ ವಾಸನೆ ಹಿಡಿದಳು. ಅಣ್ಣನ ಮುಖ ನೋಡಿದಳು. ಒಳಗೆ ತಟ್ಟೆ ತಟ್ಟೆಯಲ್ಲಿ ಹುಳು ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯ ಹಾಗೆ ಕೇಳುತ್ತಿತ್ತು. ಇದ್ದದ್ದು ಒಂದೇ ದೊಡ್ಡ ಕೋಣೆ. ಹುಳುವೂ ಅಲ್ಲೇ, ನಾವೂ ಅಲ್ಲೇ.

"ಕೊಟ್ಟಿಗೇಲಿ ಹಚ್ಕೊಂಡು ಅಲ್ಲೇ ಮಲಗಪ್ಪ," ಎಂದಳು.

"ಸೊಪ್ಪು ಹಾಕೋರ್ಯಾರು? ನೀವಿಬ್ರೂ ಸಾಕಾ? ಕೊಟ್ಟಿಗೇಲಿ ಹಚ್ಕೊಂಡ್ರೂ ಮೈಗೆ ಅಂಟಿರ್ತದೆ."

"ಮತ್ತೆ ಮಂಡಿ?"

"ಉಪ್ಪಿನ ಶಾಖ ಕೊಡು. ನೋಡಣ."

ತಾನೇ ಬಿರಡೆ ಬಿಗಿದು, ಬಟ್ಟೆ ಸುತ್ತಿ, ಬಾಟಲಿಯನ್ನು ಕೊಟ್ಟಿಗೆಯ ತೊಲೆಯ ಸಂದಿನಲ್ಲಿಟ್ಟ. ಅಮ್ಮನನ್ನು ದೂರಬೇಡಿ. ಆ ಹುಳುವಿನ ಬೆಳೆ ಹೋಗಿದ್ದರೆ ಮನೆಯಲ್ಲಿ ಒಲೆ ಹಚ್ಚುವ ಹಾಗಿರಲಿಲ್ಲ. ಅಣ್ಣನನ್ನೂ ದೂರಬೇಡಿ. ಹುಳು ಎದ್ದ ಮನೆಯಲ್ಲಿ ಎಣ್ಣೆ ಹಚ್ಚಿಕೊಳ್ಳುವ ಮಗ ನಮ್ಮ ಊರಿನಲ್ಲಿ ಹುಟ್ಟಿರಲಿಲ್ಲ. ಬೇರೆ ಊರಿನವರಾಗಿದ್ದರೆ ಹುಳು ಹಾಳಾಗಲಿ ಎನ್ನುತ್ತಿದ್ದರೇನೋ. ನಮಗೆ ಹಾಗೆ ಹೊಳೆಯಲೇ ಇಲ್ಲ.

ಹೀಗೆ ಅವನು ಆ ಮಂಡಿಯಲ್ಲೇ ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ತಂದ. ಹಿತ್ತಿಲ ಕಡೆಯಿಂದ ಬಂದು ಹಿತ್ತಿಲ ಕಡೆಯಿಂದಲೇ ಹೋಗುತ್ತಿದ್ದ, ಯಾರೂ ಕುಂಟುವುದನ್ನು ನೋಡದಿರಲಿ ಎಂದು. ಉಪ್ಪಿನ ಶಾಖಕ್ಕೆ ಬಾವು ಸ್ವಲ್ಪ ಇಳಿಯುವುದು, ಹೊರೆ ಹೊತ್ತರೆ ಮತ್ತೆ ಏರುವುದು. ಅಭ್ಯಾಸಕ್ಕೆ ಹೋಗಲಿಲ್ಲ. ಹುಳು ಎದ್ದಿದೆ ಎಂದು ಹೇಳಿಕಳಿಸಿದ. ಆ ಮಾತಿಗೆ ನಮ್ಮ ಊರಿನಲ್ಲಿ ಎದುರುಮಾತಿಲ್ಲ. ಆದರೆ ಎದುರು ಯೋಚನೆ ಇರಬಹುದಲ್ಲ.

"ಹುಳು ಎಲ್ರ ಮನೇಲೂ ಏಳ್ತದೆ. ಒಂದ್ ಗಂಟೆ ಬಂದು ಆಡಕ್ಕಾಗಲ್ವಾ?" ಎಂದು ಹೋಟೆಲಿನ ಬೆಂಚಿನಿಂದ ಯಾರೋ ಅಂದರು.

"ಚಿಂತಾಮಣಿಯೋರು ಏನಾದ್ರೂ ಕೈ ಬಿಸಿ ಮಾಡಿದ್ರೇನೋ," ಎಂದರು ಇನ್ನೊಬ್ಬರು.

ಅಷ್ಟೇ ಸಾಕಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಚಿಕ್ಕಬಳ್ಳಾಪುರದಲ್ಲಿ ಕೊನೆಗೆ ಅವನು ಓಡಲೇ ಇಲ್ಲ ಎಂಬುದು ನೆನಪಾಯಿತು. ಅಂಬಾಜಿದುರ್ಗದ ಕಡೆ ಹೋಗುವ ಬಸ್ಸಿನಲ್ಲಿ ಅವನನ್ನು ಕಂಡವರು ಸಿಕ್ಕರು. ಆ ಬಸ್ಸು ಚಿಂತಾಮಣಿಗೆ ತಾನೇ ಹೋಗುವುದು? ಬಾಗಿಲು ಹಾಕಿದ ಮನೆಯೊಳಗೆ ನಾನು ಸೊಪ್ಪು ಬಿಡಿಸುತ್ತ ಇದೆಲ್ಲ ಕೇಳಿಸಿಕೊಂಡೆ. ಹೊರಗೆ ಹೋಗಿ ಒಬ್ಬೊಬ್ಬರ ಕಪಾಳಕ್ಕೂ ಬಾರಿಸಬೇಕು ಅನ್ನಿಸಿತು. ಅಣ್ಣನೂ ಕೇಳಿಸಿಕೊಂಡ. ತಟ್ಟೆಯೊಳಗೆ ಸೊಪ್ಪು ಹರಡುವುದನ್ನು ನಿಲ್ಲಿಸಲಿಲ್ಲ.

"ಆಡಿ ತೋರಿಸ್ತೀನಿ ಬಿಡು," ಎಂದ.

ಆಟದ ದಿನ ಬಂತು. ಕೋರ್ಟಿಗೆ ಸಗಣಿ ಸಾರಿಸಿ ಸುಣ್ಣದ ಗೆರೆ ಎಳೆದಿದ್ದರು. ಶಾಮಿಯಾನದ ಕೆಳಗೆ ಸಾಹುಕಾರರು, ಪಕ್ಕದ ಕುರ್ಚಿಯಲ್ಲಿ ಗಿರಣಿಯ ಮನುಷ್ಯ, ಕನ್ನಡಕ, ತೊಡೆಯ ಮೇಲೆ ಟೋಪಿ. ಅಣ್ಣ ಮಂಡಿಗೆ ಬಟ್ಟೆ ಬಿಗಿದು ಮೇಲೆ ಉದ್ದ ಷರಾಯಿ ಹಾಕಿಕೊಂಡಿದ್ದ. ನಾನು ಮಧ್ಯಾಹ್ನದ ಸೊಪ್ಪು ಹಾಕಿ ಮುಗಿಸಿ ಸೋದರತ್ತೆಯ ಮಾಳಿಗೆಗೆ ಓಡಿದೆ.

ಮೊದಲ ಗೇಮು ನಮ್ಮದಾಯಿತು. ಇವತ್ತಿಗೂ ಅದು ನನ್ನ ಕಣ್ಣಲ್ಲಿದೆ. ಅಣ್ಣ ಕಾಲು ಬಳಸದೆ ಕೈಯಲ್ಲೇ ಆಡಿದ. ಚೆಂಡು ಬೀಳುವ ಜಾಗ ಮೊದಲೇ ಊಹಿಸಿ ಅಲ್ಲಿ ನಿಂತಿರುತ್ತಿದ್ದ. ಜನ ಅವನ ಹೆಸರು ಹಿಡಿದು ಕೂಗಿದರು. ಗೆದ್ದೆತ್ತಿನ ಬಾಲ ಹಿಡಿಯುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಹೋಟೆಲಿನವನು ಹೆಗಲ ಟವೆಲು ತೆಗೆದು ಗಾಳಿಯಲ್ಲಿ ತಿರುಗಿಸಿದ. ಗಿರಣಿಯ ಮನುಷ್ಯ ಸಾಹುಕಾರರ ಕಡೆ ಬಾಗಿ ಏನೋ ಕೇಳಿದ. ಅಣ್ಣನನ್ನೇ ತೋರಿಸಿ ಕೇಳಿದ. ನಾನು ಮಾಳಿಗೆಯ ಮೋಟುಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಎರಡನೇ ಗೇಮಿನಲ್ಲಿ ಚಿಂತಾಮಣಿಯ ನಡುವಿನ ಆಟಗಾರ ಒಂದು ಚೆಂಡನ್ನು ಅಣ್ಣನ ಮುಂದೆ, ಎಡಗಾಲಿನ ಆಚೆ, ಮೆಲ್ಲಗೆ ಬೀಳಿಸಿದ. ಅಣ್ಣ ಎಂದಿನಂತೆ ಮಂಡಿ ಮಡಚಬೇಕಿತ್ತು. ಮಡಚಲಿಲ್ಲ. ನಿಂತ ಜಾಗದಿಂದ ಬ್ಯಾಟು ಚಾಚಿದ, ಸಿಗಲಿಲ್ಲ. ಚಿಂತಾಮಣಿಯವನು ಅವನನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಇನ್ನೊಂದು ಅಲ್ಲಿಗೇ ಹಾಕಿದ. ಅವನಿಗೆ ಗೊತ್ತಾಗಿಹೋಗಿತ್ತು. ಆಟ ಬಲ್ಲವನಾದ್ದರಿಂದ ಗೊತ್ತಾಯಿತು. ಅವನ ಮೇಲೆ ನನಗೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ. ಎದುರಾಳಿ ಮಾಡಬೇಕಾದದ್ದೇ ಅದು.

ಆಮೇಲೆ ಅವರು ಬೇರೆಲ್ಲಿಗೂ ಹಾಕಲಿಲ್ಲ. ಮೆಲ್ಲನೆಯ ಚೆಂಡು, ಚಿಕ್ಕ ಮಗುವೂ ಎತ್ತಬಹುದಾದ ಚೆಂಡು, ಒಂದರ ಹಿಂದೊಂದು ಅಣ್ಣನ ಎಡಗಾಲಿನ ಮುಂದೆ ಬಿದ್ದವು. ಅವನು ನೋಡುತ್ತ ನಿಂತ. ಎರಡನೇ ಗೇಮು ಅವರದಾಯಿತು. ಮೊದಲು ಜನರಲ್ಲಿ ಗುಸುಗುಸು. ಆಮೇಲೆ ಹೋಟೆಲಿನವನು ಬೆಂಚಿನ ಮೇಲೆ ಹತ್ತಿದ. ಸಿಟ್ಟು ಬಂದರೆ ಅವನ ಬಾಯಿಗೆ ತೆಲುಗೇ ಬರುತ್ತಿತ್ತು.

"ಅಮ್ಮುಡುಪೋಯಾಡ್ರಾ! ವೀಡು ಅಮ್ಮುಡುಪೋಯಾಡು!"

ಮಾರಿಕೊಂಡನಲ್ಲೋ, ಇವನು ತನ್ನನ್ನು ಮಾರಿಕೊಂಡ ಎಂದು. ನಮ್ಮ ಕಡೆ ತೆಲುಗು ಬಾರದವರು ಯಾರು? ಇಡೀ ಮೈದಾನ ಆ ಮಾತನ್ನು ಹಿಡಿದುಕೊಂಡಿತು. ನಮ್ಮ ಊರಿನ ಬಾಯಿಗಳೇ. ಅಣ್ಣ ಶಾಲೆಗೆ ಹೋಗುವಾಗ ಕೈ ಹಿಡಿದು ರಸ್ತೆ ದಾಟಿಸಿದವರು, ಅಪ್ಪನ ಹೆಣ ಹೊತ್ತವರು. ಯಾರೋ ಒಬ್ಬ ಎಸೆದ ಬಾಳೆಹಣ್ಣಿನ ಸಿಪ್ಪೆ ಅಣ್ಣನ ಹೆಗಲ ಮೇಲೆ ಬಿತ್ತು. ಅವನು ಅದನ್ನು ತೆಗೆದು ಗೆರೆಯ ಆಚೆ ಹಾಕಿ ಮತ್ತೆ ಮೂಲೆಗೆ ಹೋಗಿ ನಿಂತ.

ಮೂರನೇ ಗೇಮಿನ ಕೊನೆಯಲ್ಲಿ ಒಂದು ಚೆಂಡಿಗೆ ಅವನು ಮಂಡಿ ಮಡಚಿದ. ಚೆಂಡನ್ನು ಎತ್ತಿದ ಕೂಡ. ಅದು ನೆಟ್ಟಿನ ಆಚೆಗೂ ಹೋಯಿತು. ಆದರೆ ಅವನು ಮೇಲೇಳಲಿಲ್ಲ. ಹಾಗೇ ಪಕ್ಕಕ್ಕೆ ವಾಲಿ ಬಿದ್ದ. "ನಾಟ್ಕ ಆಡ್ತಾನೆ" ಎಂದು ಜನ ನಕ್ಕರು. ಆ ನಗು ನನಗೆ ಮಾಳಿಗೆಯ ಮೇಲಕ್ಕೂ ಕೇಳಿಸಿತು. ಗಿರಣಿಯ ಮನುಷ್ಯ ಟೋಪಿ ಹಾಕಿಕೊಂಡು ಎದ್ದ. ಹೋಗುವಾಗ ಚಿಂತಾಮಣಿಯ ಆ ನಡುವಿನ ಆಟಗಾರನ ಹೆಗಲ ಮೇಲೆ ಕೈ ಹಾಕಿ ಮಾತಾಡಿಸುತ್ತ ನಡೆದ. ಕೆಲಸ ಅವನಿಗೇ ಸಿಕ್ಕಿತೆಂದು ಆಮೇಲೆ ತಿಳಿಯಿತು.

ಅಣ್ಣನನ್ನು ಕೈಹಿಡಿದು ಎಬ್ಬಿಸಿದ್ದು ಸಾಹುಕಾರರ ಅಕ್ಕನ ಮಗ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆಟ ಬಾರದ ಆ ಹುಡುಗ ಅವನನ್ನು ನಮ್ಮ ಬೇವಿನ ಬಾಗಿಲವರೆಗೆ ತಂದು ಬಿಟ್ಟು, ಒಳಗೆ ಬರದೆ, ಏನೂ ಕೇಳದೆ ಹೋದ.

ಅಣ್ಣ ಒಳಗೆ ಬಂದು ಕೂತ. ಅಳಲಿಲ್ಲ. ಅತ್ತದ್ದು ನಾನು. ಅಮ್ಮ ಶಾಖಕ್ಕೆ ಉಪ್ಪು ಹುರಿಯುತ್ತಿದ್ದಳು. ಹುಳುಗಳು ಮಾತ್ರ ತಲೆ ಎತ್ತಿ ಎತ್ತಿ ಸೊಪ್ಪು ಹುಡುಕುತ್ತಿದ್ದವು. ಅವನು ಕುಳಿತಲ್ಲಿಂದಲೇ ಕೈಗೆಟುಕುವ ತಟ್ಟೆಗಳಿಗೆ ಸೊಪ್ಪು ಹಾಕಲು ಶುರು ಮಾಡಿದ.

ಆ ಸಲ ನಮ್ಮ ಬೆಳೆ ಇಡೀ ಬೀದಿಯಲ್ಲೇ ಎಲ್ಲರಿಗಿಂತ ಚೆನ್ನಾಗಿ ಬಂತು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟೆವು, ಕೈಗೆ ಗಟ್ಟಿಯಾಗಿ ಸಿಗುವ ಗೂಡು ಕಟ್ಟಿದವು. ಗೂಡು ಬಿಡಿಸಿ ಮಾರಿಯೂ ಆಯಿತು. ಅಮ್ಮನಿಗೆ ಎಲ್ಲರೂ ನಿನ್ನ ಕೈಗುಣ ದೊಡ್ಡದು ಕಣಮ್ಮ ಎಂದರು. ಅವಳು ಬೆಲೆ ಬಂದ ಸಂತೋಷದಲ್ಲಿ ನಗಲೂ ಇಲ್ಲ. ಮನೆ ತೊಳೆದು, ತಟ್ಟೆಗಳನ್ನು ಬಿಸಿಲಿಗಿಟ್ಟು, ಸುಣ್ಣ ಬಳಿದು, ಬಾಗಿಲ ಬೇವನ್ನು ಬಿಚ್ಚಿಹಾಕಿ, ಕೊಟ್ಟಿಗೆಗೆ ಹೋಗಿ ತೊಲೆಯ ಸಂದಿನಿಂದ ಬಾಟಲಿ ಇಳಿಸಿಕೊಂಡು ಬಂದಳು.

"ಈಗ ಹಚ್ಕೊಳ್ಳಪ್ಪ," ಎಂದಳು.

ಅಣ್ಣ ಬಾಗಿಲ ಕಡೆ ನೋಡಿದ. "ಮೊದ್ಲು ಬೇವು ಕಟ್ಟಮ್ಮ."

"ಮನೇಲಿ ಹುಳುವೇ ಇಲ್ವಲ್ಲೋ."

"ಹೊರಗೆ ಜನ ಅವ್ರಲ್ಲ."

ಅಮ್ಮ ಬಾಟಲಿ ಕೆಳಗಿಟ್ಟಳು. ಆಮೇಲೆ ಹಿತ್ತಿಲಿಗೆ ಹೋಗಿ ಹಸಿ ಬೇವು ಮುರಿದು ತಂದು ಬಾಗಿಲಿಗೆ ಕಟ್ಟಿದಳು. ಹುಳುವಿಲ್ಲದ ಮನೆಗೆ ಬೇವು ಕಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಂದು ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಉಜ್ಜತೊಡಗಿದಳು. ಮನೆಯೆಲ್ಲ ಆ ವಾಸನೆ ತುಂಬಿತು. ಬಾವು ಆಗಲೇ ಇಳಿದಿತ್ತು, ಆದರೆ ಕೀಲು ಬಿಗಿದುಕೊಂಡಿತ್ತು. ವೈದ್ಯರು ಹೊತ್ತು ಮೀರಿತು ಎಂದದ್ದು ಆಮೇಲೆ. ಆ ಮಂಡಿ ಮತ್ತೆ ಪೂರ್ತಿ ಮಡಚಲೇ ಇಲ್ಲ.

ಅಮ್ಮ ಇನ್ನೂ ಉಜ್ಜುತ್ತಿರುವಾಗಲೇ ಬೀದಿಯಿಂದ ಯಾರೋ ಕೂಗಿದರು. ನಾನು ಬಾಗಿಲು ಸ್ವಲ್ಪ ತೆರೆದು ನೋಡಿದೆ. ಹೋಟೆಲಿನವನು. ಬೇವಿಗೆ ಮರ್ಯಾದೆ ಕೊಟ್ಟು ಮೆಟ್ಟಿಲ ಕೆಳಗೇ ನಿಂತಿದ್ದ.

"ಗೂಡೆಲ್ಲಾ ಮಾರಿ ಆಯ್ತಂತಲ್ಲಮ್ಮ. ಬಾಣಲೆ ಮುಂದಕ್ಕೆ ತರಣಾ ಅಂತಿದ್ದೆ. ಬೇವು ಇನ್ನೂ ಐತಲ್ಲ, ಅದಕ್ಕೇ ಕೇಳಿ ಹೋಗಣ ಅಂತ ಬಂದೆ. ಮತ್ತೆ ಹುಳು ತಂದ್ರಾ?"

"ಹೂಂ," ಎಂದೆ.

ಅಷ್ಟರಲ್ಲಿ ತೆರೆದ ಬಾಗಿಲಿನಿಂದ ಎಣ್ಣೆಯ ವಾಸನೆ ಅವನಿಗೆ ಹೊಡೆಯಿತು. ಹುಳುವಿನ ಊರಿನಲ್ಲಿ ಹುಟ್ಟಿದ ಮೂಗು ಅದು. ಹುಳು ಇರುವ ಮನೆಯಿಂದ ಆ ವಾಸನೆ ಬರುವುದಿಲ್ಲ. ಅದು ಏತಕ್ಕೆ ಹಚ್ಚುವ ಎಣ್ಣೆ ಎಂಬುದೂ ಎಲ್ಲರಿಗೂ ಗೊತ್ತು. ಅವನು ಬೇವಿನ ಕಡೆ ನೋಡಿದ, ನನ್ನ ಕಡೆ ನೋಡಿದ. ಅಭ್ಯಾಸಕ್ಕೆ ಬಾರದೇ ಹೋದ ದಿನಗಳು, ಬಾಗಿಲಿಗೆ ಕಟ್ಟಿದ್ದ ಬೇವು, ಮಡಚದ ಕಾಲು, ಎಲ್ಲ ಅವನ ತಲೆಯಲ್ಲಿ ಒಂದೊಂದಾಗಿ ಕೂಡಿಕೊಳ್ಳುತ್ತಿದ್ದುದು ಅವನ ಮುಖದಲ್ಲೇ ಕಂಡಿತು. ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡ. ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಬೇವು ಕಂಡು ಮತ್ತೆ ಕೆಳಗಿಳಿಸಿದ. ಹಾಗೇ ಬೀದಿ ದಾಟಿ ಹೋದ.

ನಾನು ಒಳಗೆ ಬಂದೆ.

"ಯಾರು?" ಎಂದ ಅಣ್ಣ.

"ಹೋಟ್ಲವನು."

"ವಾಸನೆ ಬಂತಾ ಅವ್ನಿಗೆ?"

"ಬಂತು."

ಅಮ್ಮನ ಕೈ ಮಂಡಿಯ ಮೇಲೆ ನಿಂತಿತು. ಅಣ್ಣ ಗೋಡೆಗೆ ಒರಗಿ ಕಣ್ಣು ಮುಚ್ಚಿದ.

"ಬಾಗ್ಲು ಭದ್ರವಾಗಿ ಹಾಕು ಕಣೇ," ಎಂದ. "ಮಾರ್ಕೊಂಡ ಅಂದ್ರು, ತಡ್ಕೊಂಡೆ. ಇನ್ಮೇಲೆ ಪಾಪ ಅನ್ನಕ್ಕೆ ಬರ್ತಾರೆ."